ಹದಿನಾಲ್ಕನೇ ನಿಮಿಷದ ಪೀಕು

ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಗಾಜಿನ ಪಾತ್ರೆ ತೊಳೆಯುವ ಹೆಂಗಸರು ಆರು ಜನ. ಅವರಲ್ಲಿ ಹಿರಿಯಳು ಗಾಜಕ್ಕ. ಹನ್ನೊಂದು ವರ್ಷದಿಂದ ತೊಳೆಯುತ್ತಿದ್ದಳು. ನಿಂತೇ ತೊಳೆಯಬೇಕು. ತೊಟ್ಟಿಯ ಅಂಚು ಒತ್ತಿ ಒತ್ತಿ ಅವಳ ಹೊಟ್ಟೆಯ ಮೇಲೆ ಒಂದು ಅಡ್ಡಗೆರೆ ಮೂಡಿತ್ತು. ‘ನನಗೆ ಬೆಲ್ಟು ಕೊಳ್ಳೋ ಖರ್ಚಿಲ್ಲ’ ಅಂತ ಅವಳೇ ನಗುತ್ತಿದ್ದಳು.

ತೊಳೆಯುವುದಕ್ಕೆ ಒಂದು ಕ್ರಮವಿತ್ತು. ಮೊದಲು ಆಸಿಡ್ಡಿನಲ್ಲಿ ನೆನೆಸುವುದು. ಆಮೇಲೆ ಸೋಪು, ಉದ್ದ ಕಡ್ಡಿಯ ಬ್ರಷ್ಷು. ಆಮೇಲೆ ನಲ್ಲಿ ನೀರಿನಲ್ಲಿ ಮೂರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ. ಕೊನೆಗೆ ಬೆಳಕಿಗೆ ಹಿಡಿದು ನೋಡಬೇಕು. ನೀರು ಒಳಗೋಡೆಯ ಮೇಲೆ ಹಾಳೆಯ ಹಾಗೆ ಜಾರಿ ಇಳಿದರೆ ಗಾಜು ಶುದ್ಧ. ಹನಿ ಹನಿಯಾಗಿ ಅಂಟಿಕೊಂಡರೆ ಇನ್ನೂ ಜಿಡ್ಡಿದೆ, ಮತ್ತೆ ಮೊದಲಿಂದ ಶುರು. ಈ ಕೊನೆಯದನ್ನು ಗಾಜಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣೇ ಕಲಿತಿತ್ತು.

ಕೈಗವಸು ಕೊಡುತ್ತಿದ್ದರು. ತಪಾಸಣೆಯವರು ಬರುವ ದಿನ ಬೆಳಗ್ಗೆ ಕೊಟ್ಟು, ಸಂಜೆ ಎಣಿಸಿ ವಾಪಸು ಇಸಿದುಕೊಳ್ಳುತ್ತಿದ್ದರು. ಉಳಿದ ದಿನ ಬರಿಗೈ. ಬೆರಳ ತುದಿಗಳ ಚರ್ಮ ಸೀಳಿ ಹೋಗಿತ್ತು. ಅನ್ನಕ್ಕೆ ಉಪ್ಪು ಹಾಕಿ ಕಲಸಿದರೆ ಕಣ್ಣಲ್ಲಿ ನೀರು. ಗಾಜಿಗೆ ಬಟ್ಟಿ ಇಳಿಸಿದ ನೀರು, ತೊಳೆಯುವವರಿಗೆ ಕುಡಿಯಲು ಹಿಂದಿನ ಅಂಗಳದ ನಲ್ಲಿ. ಲ್ಯಾಬಿನೊಳಗೆ ತಣ್ಣೀರಿನ ಯಂತ್ರವೊಂದಿತ್ತು. ಅದರ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂಬ ಫಲಕ. ಈ ಆರು ಜನ ಸಿಬ್ಬಂದಿಯಲ್ಲ. ಗುತ್ತಿಗೆ.

ಹಾಗಂತ ತೊಳೆಯುವ ಕೋಣೆಯಲ್ಲಿ ಅಳುಮೋರೆಗೆ ಜಾಗವಿರಲಿಲ್ಲ. ಇಡೀ ಕಾರ್ಖಾನೆಯಲ್ಲಿ ನಗು ಕೇಳುತ್ತಿದ್ದದ್ದು ಅಲ್ಲೊಂದೇ ಕಡೆ. ಎಲ್ಲರಿಗೂ ಅಡ್ಡಹೆಸರು ಹುಟ್ಟುತ್ತಿದ್ದದ್ದೂ ಅಲ್ಲೇ. ಲ್ಯಾಬಿನ ಮುಖ್ಯಸ್ಥ ಗಾಜು ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಕಾಗದಕ್ಕೆ ಸಹಿ ಹಾಕುತ್ತಿದ್ದ. ಅವನಿಗೆ ಸಹಿ ಸಾಹೇಬ ಎಂದು ಹೆಸರಿಟ್ಟರು. ಮಾತ್ರೆಯೊಳಗೆ ಏನೇನಿದೆ ಎಂದು ಹೇಳುವ ಯಂತ್ರದ ಮುಂದೆ ಕೂರುತ್ತಿದ್ದವಳು ಮೆಷಿನ್ ಮೇಡಂ. ನಲವತ್ತು ದಾಟಿದವಳು, ದಪ್ಪ ಕನ್ನಡಕ, ಕೆಮ್ಮುವುದಕ್ಕೂ ಅಪ್ಪಣೆ ಕೇಳುವಂಥ ಸ್ವಭಾವ. ಆರು ಜನರಲ್ಲಿ ಎತ್ತರ ಸಾಲದೆ ಹಾಲಿನ ಕ್ರೇಟಿನ ಮೇಲೆ ನಿಂತು ತೊಳೆಯುತ್ತಿದ್ದವಳು ಕುಳ್ಳಿ.

ಗಾಜಕ್ಕನ ಗಂಡನಿಗೂ ಅದೇ ಕಾರ್ಖಾನೆಯಲ್ಲಿ ಕೆಲಸ. ಮಾತ್ರೆಯ ಪುಡಿ ತಯಾರಿಸಲು ಬೇಕಾಗುವ ದ್ರಾವಕ ದೊಡ್ಡ ದೊಡ್ಡ ಡ್ರಮ್ಮುಗಳಲ್ಲಿ ಬರುತ್ತಿತ್ತು. ತುಂಬಿದ್ದನ್ನು ಉರುಳಿಸುವುದು, ಖಾಲಿಯಾದದ್ದನ್ನು ತೊಳೆಯುವುದು ಅವನ ಪಾಲು. ತಾನು ದೊಡ್ಡದು ತೊಳೆಯುತ್ತೇನೆ, ಹೆಂಡತಿ ಚಿಕ್ಕದು ತೊಳೆಯುತ್ತಾಳೆ, ಮನೆಯ ಪಾತ್ರೆ ಮಾತ್ರ ಯಾರೂ ತೊಳೆಯುವುದಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಮನೆಯ ಪಾತ್ರೆ ತೊಳೆಯುತ್ತಿದ್ದವಳು ಅತ್ತೆ. ಎಪ್ಪತ್ತರ ಮುದುಕಿ, ರಕ್ತದೊತ್ತಡದವಳು. ದಿನಾ ಬೆಳಗ್ಗೆ ಒಂದು ಮಾತ್ರೆ. ಅದೂ ಇದೇ ಕಾರ್ಖಾನೆಯದು. ಕಾರ್ಮಿಕರ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ‘ನನ್ನ ಸೊಸೆ ತೊಳೆದ ಗಾಜಿನಲ್ಲಿ ಪಾಸಾದ ಮಾತ್ರೆ’ ಎಂದು ನೆರೆಯ ಮುದುಕಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಆ ಸೋಮವಾರ ಮಧ್ಯಾಹ್ನ ಗಾಜಕ್ಕನನ್ನು ಲ್ಯಾಬಿನೊಳಗೆ ಕರೆದರು.

ಒಳಗೆ ಹನ್ನೆರಡು ಜನ ಕೆಮಿಸ್ಟರು ನಿಂತಿದ್ದರು. ಸಹಿ ಸಾಹೇಬ ಕುರ್ಚಿಯಲ್ಲಿದ್ದ. ಮೇಜಿನ ಮೇಲೆ ಉದ್ದನೆಯ ಕಾಗದ, ಅದರ ಮೇಲೊಂದು ಗೆರೆ. ಆ ಗೆರೆಯ ವಿಷಯ ಗಾಜಕ್ಕನಿಗೆ ಸ್ವಲ್ಪ ಗೊತ್ತಿತ್ತು. ಹಿಂದೊಮ್ಮೆ ಮೆಷಿನ್ ಮೇಡಂ ಹೇಳಿದ್ದಳು. ಮಾತ್ರೆಯನ್ನು ಕರಗಿಸಿ ಯಂತ್ರಕ್ಕೆ ಹಾಕಿದರೆ ಅದರೊಳಗಿರುವ ಒಂದೊಂದೂ ತನ್ನ ತನ್ನ ನಿಮಿಷಕ್ಕೆ ಸರಿಯಾಗಿ ಹೊರಗೆ ಬರುತ್ತದೆ. ಬಂದಾಗ ಗೆರೆ ಮೇಲೇಳುತ್ತದೆ. ಅದನ್ನು ಪೀಕು ಅನ್ನುತ್ತಾರೆ. ರಕ್ತದೊತ್ತಡದ ಮದ್ದು ಒಂಬತ್ತನೇ ನಿಮಿಷಕ್ಕೆ ಬರುತ್ತದೆ. ಬೇರೆ ಯಾವ ನಿಮಿಷದಲ್ಲಿ ಗೆರೆ ಎದ್ದರೂ ಅದು ಕಲ್ಮಶ. ಪರಿಚಯದ ಕಲ್ಮಶವಾದರೆ ಇಷ್ಟರವರೆಗೆ ಇರಬಹುದು ಎಂದು ಮಿತಿಯಿದೆ. ಪರಿಚಯವಿಲ್ಲದ್ದು ಬಂದರೆ ಅದು ಯಾರು, ಎಲ್ಲಿಂದ ಬಂತು, ತಿಂದವರಿಗೆ ಏನು ಮಾಡುತ್ತದೆ ಎಂದು ತಿಳಿಯುವವರೆಗೆ ಮಾತ್ರೆ ಹೊರಗೆ ಹೋಗುವಂತಿಲ್ಲ.

ಈ ಸಲ ಹದಿನಾಲ್ಕನೇ ನಿಮಿಷದಲ್ಲಿ ಒಂದು ಎದ್ದಿತ್ತು. ಯಾರಿಗೂ ಪರಿಚಯವಿಲ್ಲದ್ದು.

ಸಹಿ ಸಾಹೇಬ ಅವಳಿಗೆ ಕೈ ತೋರಿಸಲು ಹೇಳಿದ. ಗಾಜಕ್ಕ ತೋರಿಸಿದಳು. ಅವನು ಪೆನ್ನಿನ ತುದಿಯಿಂದ ಅವಳ ಬೆರಳನ್ನು ಮೇಲೆತ್ತಿ ಹನ್ನೆರಡು ಜನರಿಗೂ ತೋರಿಸಿದ. ‘ನೋಡಿ. ಈ ಬಿರುಕುಗಳಲ್ಲಿ ಏನೇನು ಕೂತಿದೆಯೋ. ಮೆಷಿನ್ನಿಗೆ ಏನು ಗೊತ್ತಾಗುತ್ತೆ ಪಾಪ, ಇದನ್ನೂ ತೋರಿಸಿಬಿಟ್ಟಿದೆ.’

ಇಬ್ಬರು ನಕ್ಕರು. ಮೆಷಿನ್ ಮೇಡಂ ನೆಲ ನೋಡಿದಳು.

ಅವನು ಒಂದು ಕಾಗದ ಮುಂದಕ್ಕೆ ತಳ್ಳಿದ. ಸಹಿ ಹಾಕು, ಏನೂ ಆಗುವುದಿಲ್ಲ, ಬರೀ ಫೈಲಿಗೆ ಅಂದ. ಮಾತ್ರೆ ತುಂಬಿದ ಗಾಡಿ ಗೇಟಿನಲ್ಲಿ ನಿಂತಿದೆ, ಬೇಗ ಎಂದೂ ಅಂದ. ಗಾಜಕ್ಕ ಕಾಗದವನ್ನು ಕೈಗೆ ತೆಗೆದುಕೊಂಡಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು.

‘ಗಾಜಿನ ಪಾತ್ರೆಗಳನ್ನು ನಾನು ಸರಿಯಾಗಿ ತೊಳೆಯದೆ ಇದ್ದುದರಿಂದ ಪರೀಕ್ಷೆಯಲ್ಲಿ ಕಲ್ಮಶ ಕಂಡುಬಂದಿರುತ್ತದೆ. ಇದಕ್ಕೆ ನಾನೇ ಹೊಣೆ.’

ಓದಿ ಮುಗಿಸುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಹನ್ನೆರಡು ಜನ ಅಲುಗಾಡದೆ ಕೇಳಬೇಕಾಯಿತು. ಎರಡನೇ ಸಲ ಓದಿದಳು. ಈ ಸಲ ಸ್ವಲ್ಪ ಬೇಗ. ಆಮೇಲೆ ಕಾಗದವನ್ನು ಮೇಜಿನ ಮೇಲಿಟ್ಟಳು.

‘ಇದು ಸುಳ್ಳು ಸಾಹೇಬ್ರೆ. ಹಾಕಲ್ಲ.’

ಸಹಿ ಸಾಹೇಬ ಮೊದಲು ಸಮಾಧಾನದಿಂದ ಹೇಳಿದ. ಆಮೇಲೆ ಗದರಿದ. ಹನ್ನೊಂದು ವರ್ಷ ಅನ್ನ ಹಾಕಿದ ಕಂಪನಿ ಅಂದ. ಗಾಜಕ್ಕನ ಬಾಯಿಗೆ ಬಂದ ಮಾತು ಬೇರೆ ಇತ್ತು. ಅದನ್ನು ನುಂಗಿ, ತನ್ನ ಕೈ ತೊಳೆದ ನೀರನ್ನೇ ಆ ಯಂತ್ರಕ್ಕೆ ಹಾಕಿ ನೋಡಿ, ಹದಿನಾಲ್ಕನೇ ನಿಮಿಷದಲ್ಲಿ ಅದು ಎದ್ದರೆ ಎರಡು ಕಡೆ ಸಹಿ ಹಾಕುತ್ತೇನೆ ಎಂದಳು. ಮೆಷಿನ್ ಮೇಡಂ ತಲೆ ಎತ್ತಿದಳು. ಸಹಿ ಸಾಹೇಬನ ಮುಖ ನೋಡಿ ಮತ್ತೆ ತಗ್ಗಿಸಿದಳು.

‘ಸಹಿ ಇಲ್ಲದಿದ್ದರೆ ನಾಳೆ ಬರಬೇಡ’ ಅಂದ ಅವನು.

‘ನಾಳೆ ಯಾಕೆ, ಇವತ್ತೇ ಇರಲ್ಲ.’

ತೊಳೆಯುವ ಕೋಣೆಗೆ ಬಂದು ಅವಳು ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿದಳು. ನಡೆದದ್ದನ್ನೆಲ್ಲ ಹೇಳಿದಳು, ಪೆನ್ನಿನ ತುದಿಯನ್ನೂ ಬಿಡದೆ. ಐವರೂ ಕೇಳಿದರು. ಕುಳ್ಳಿ ಕ್ರೇಟಿನಿಂದ ಕೆಳಗೆ ಇಳಿದಳು. ಸೋಪು ಹಚ್ಚಿದ ಫ್ಲಾಸ್ಕನ್ನು ಹಾಗೇ ತೊಟ್ಟಿಯಲ್ಲಿ ಬಿಟ್ಟಳು. ಅವಳದೂ ಅದೇ ಬಿರುಕಿನ ಕೈ. ಎಲ್ಲರದೂ. ಯಾರೂ ಭಾಷಣ ಮಾಡಲಿಲ್ಲ. ಆರು ಏಪ್ರನ್ನು ಒಂದೇ ಮೊಳೆಗೆ ನೇತುಬಿದ್ದವು, ಮೊಳೆ ಕಿತ್ತು ಬಂತು.

ಆರು ಜನ ಹಿಂದಿನ ಸೈಕಲ್ ಶೆಡ್ಡಿನಲ್ಲಿ ಹೋಗಿ ಕೂತರು. ಕಾರ್ಖಾನೆಯ ಗೇಟಿನ ಒಳಗೇ, ಆದರೆ ಕೆಲಸವಿಲ್ಲದೆ. ತೊಳೆಯುವ ಕೋಣೆಯ ಕಿಟಕಿ ಅಲ್ಲಿಗೆ ಸರಿಯಾಗಿ ಕಾಣುತ್ತಿತ್ತು.

ಆ ಸಂಜೆ ಮನೆಯಲ್ಲಿ ಗಾಜಕ್ಕ ಊಟ ಮುಟ್ಟಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಪೆನ್ನಿನ ತುದಿ. ಬೆರಳನ್ನು ಬೆರಳಿನಿಂದ ಕೂಡ ಮುಟ್ಟಲಿಲ್ಲವಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಗಂಡ ಕೇಳಿಕೊಂಡು ಕೂತಿದ್ದವನು, ತಮ್ಮ ಅಂಗಳದಲ್ಲಿ ಎರಡು ಮೂರು ತಿಂಗಳಿಂದ ಬೇರೆ ಥರದ ಡ್ರಮ್ಮು ಬರುತ್ತಿರುವುದನ್ನು ಹೇಳಿದ. ಹೊಸ ಲೇಬಲ್ಲಿನ ಕೆಳಗೆ ಹಳೆಯ ಲೇಬಲ್ಲು ಇರುತ್ತದೆ. ಎಲ್ಲೋ ಬಳಸಿ ಬಿಟ್ಟ ದ್ರಾವಕವನ್ನು ಮತ್ತೆ ಬಟ್ಟಿ ಇಳಿಸಿ ಕಳಿಸುತ್ತಾರಂತೆ. ಕೊಳೆತ ಮೀನಿನಂಥ ವಾಸನೆ. ತನ್ನ ತೋಳಿನ ಮೇಲೆ ಎದ್ದ ಗಂಧೆಗಳನ್ನು ತೋರಿಸಿದ. ಮೇಸ್ತ್ರಿಗೆ ಹೇಳಿದರೆ ನಿನ್ನ ಮೂಗೇ ಕೆಟ್ಟಿದೆ ಅಂದನಂತೆ.

ಅತ್ತೆ ತನ್ನ ಮಾತ್ರೆಯ ಸ್ಟ್ರಿಪ್ಪನ್ನು ತಂದು ದೀಪದ ಕೆಳಗೆ ತಿರುಗಿಸಿ ನೋಡಿದಳು.

‘ಹಾಗಾದರೆ ಆ ಹದಿನಾಲ್ಕನೇ ನಿಮಿಷದವನು ನನ್ನ ಹೊಟ್ಟೆಗೂ ಬಂದಿದ್ದಾನಾ?’

ಅಲ್ಲಿಯವರೆಗೆ ಗಾಜಕ್ಕನ ತಲೆಯಲ್ಲಿ ಇದ್ದದ್ದು ತನ್ನ ಕೈ. ಈಗ ಬಾಯಿಗಳು ಬಂದವು. ದವಾಖಾನೆಯ ಮುಂದೆ ಸಾಲು ನಿಲ್ಲುವ ಮುದುಕ ಮುದುಕಿಯರ ಬಾಯಿಗಳು. ತಾನು ಸಹಿ ಹಾಕಿದ್ದರೆ, ಕಲ್ಮಶ ಗಾಜಿನದು, ಮಾತ್ರೆಯದಲ್ಲ ಎಂದಾಗಿ ಗಾಡಿ ಅಷ್ಟು ಹೊತ್ತಿಗೆ ಹೊರಟು ಹೋಗಿರುತ್ತಿತ್ತು. ತಟ್ಟೆ ಎಳೆದುಕೊಂಡು ಎರಡು ಸಲ ಹಾಕಿಸಿಕೊಂಡು ಉಂಡಳು.

ಮಂಗಳವಾರ ಲ್ಯಾಬಿನಲ್ಲಿ ಗಾಜು ಮುಗಿಯಿತು. ತೊಟ್ಟಿ ತುಂಬಿ, ಕಟ್ಟೆ ತುಂಬಿ, ನೆಲದ ಮೇಲೆ ಕೊಳಕು ಫ್ಲಾಸ್ಕುಗಳು ಸಾಲಾಗಿ ಕೂತವು. ಗುತ್ತಿಗೆದಾರ ಬೇರೆ ಹೆಂಗಸರನ್ನು ಕರೆತರಲು ಹೋದ. ಅವರೆಲ್ಲ ಈ ಆರು ಜನರ ನಾದಿನಿ, ಓರಗಿತ್ತಿ, ಪಕ್ಕದ ಮನೆಯವರು. ಒಬ್ಬಳೂ ಬರಲಿಲ್ಲ. ಆಗ ಸಹಿ ಸಾಹೇಬ ಅಂಗಿಯ ತೋಳು ಮಡಚಿದ. ಇದರಲ್ಲೇನು ಮಹಾ ವಿದ್ಯೆಯಿದೆ, ನಾನೇ ತೊಳೆಯುತ್ತೇನೆ, ಇವತ್ತು ಶುದ್ಧವಾದ ಗಾಜಿನಲ್ಲಿ ಪರೀಕ್ಷೆ ಮಾಡಿ ಮುಗಿಸೋಣ ಎಂದು ಕೆಮಿಸ್ಟರಿಗೆಲ್ಲ ಹೇಳಿದ.

ಸೈಕಲ್ ಶೆಡ್ಡಿನಲ್ಲಿ ಕುಳ್ಳಿ ಒಂದು ಸೈಕಲ್ಲಿನ ಕ್ಯಾರಿಯರ್ ಮೇಲೆ ಹತ್ತಿ ನಿಂತು ಕಿಟಕಿಯೊಳಗೆ ನೋಡುತ್ತ ಸುದ್ದಿ ಕೊಡುತ್ತಿದ್ದಳು. ಸಾಹೇಬ ಬ್ರಷ್ಷನ್ನು ತಲೆಕೆಳಗು ಹಿಡಿದಿದ್ದಾನೆ. ಸಾಹೇಬ ಸೋಪಿನ ಡಬ್ಬಿ ಪೂರ್ತಿ ಸುರಿದ. ನೊರೆ ಮೊಣಕಾಲವರೆಗೆ ಬಂತು. ಒಂದು ಫ್ಲಾಸ್ಕಿನ ಕತ್ತು ಹೋಯಿತು. ಇನ್ನೊಂದರದು ಹೋಯಿತು. ಕೆಳಗೆ ಕೂತ ನಾಲ್ವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಜಕ್ಕ ಮೊದಲು ನಗಬಾರದು ಅಂದುಕೊಂಡಳು, ಒಡೆಯುತ್ತಿರುವುದು ಒಳ್ಳೆಯ ಗಾಜು ಎಂದು. ಐದನೆಯದು ಒಡೆದಾಗ ಅವಳಿಗೂ ತಡೆಯಲಾಗಲಿಲ್ಲ.

ಸಾಹೇಬನ ಬೆರಳಿಗೆ ಪಟ್ಟಿ ಸುತ್ತಿದ ಮೇಲೆ ಹನ್ನೊಂದು ಫ್ಲಾಸ್ಕು ಉಳಿದವು. ಅವುಗಳಲ್ಲಿ ಮಾತ್ರೆ ಕರಗಿಸಿದರು. ಯಂತ್ರ ಓಡಿತು. ಲ್ಯಾಬಿನವರೆಲ್ಲ ಅದರ ಮುಂದೆ ನಿಂತರು. ಮೂರನೇ ನಿಮಿಷದಲ್ಲಿ ಗೆರೆ ದಿಗ್ಗನೆ ಎದ್ದಿತು. ಅದು ಹಿಂದಿನ ದಿನ ಇರಲೇ ಇಲ್ಲ. ಒಂಬತ್ತಕ್ಕೆ ಮದ್ದು ಬಂತು. ಹದಿನಾಲ್ಕಕ್ಕೆ ಸರಿಯಾಗಿ ಅದೇ ಅಪರಿಚಿತ ಎದ್ದು ನಿಂತ. ನಿನ್ನೆ ಎಷ್ಟು ಎತ್ತರವಿತ್ತೋ ಅಷ್ಟೇ.

ಸಂಜೆ ನಾಲ್ಕರ ಹೊತ್ತಿಗೆ ಮೆಷಿನ್ ಮೇಡಂ ಸೈಕಲ್ ಶೆಡ್ಡಿಗೆ ಬಂದಳು. ಕಂಬದ ಹಿಂದೆ ನಿಂತು, ಯಾರಾದರೂ ನೋಡಿಯಾರೆಂದು ಎರಡು ಸಲ ತಿರುಗಿ ನೋಡಿ, ಮೂರನೇ ನಿಮಿಷದ ಹೊಸ ಪೀಕು ಏನೆಂದು ತನಗೆ ಗೊತ್ತು ಅಂದಳು. ಅದು ಸೋಪು. ಸಾಹೇಬರು ಸರಿಯಾಗಿ ಜಾಲಾಡಿಲ್ಲ.

‘ಅಂದರೆ ನಾವು ತೊಳೆದರೆ ಒಂದೇ ಕಲ್ಮಶ, ಅವರು ತೊಳೆದರೆ ಎರಡು’ ಅಂದಳು ಕುಳ್ಳಿ.

ಮೇಡಂಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತಾನು ಬಂದ ಕಾರಣ ಹೇಳಿದಳು. ನಾಳೆ ಬೆಳಗ್ಗೆ ಬೇಗ ಬಂದು ತಾನೊಬ್ಬಳೇ ತೊಳೆದು ನೋಡಬೇಕೆಂದಿದ್ದಾಳೆ. ಹೇಗೆ ತೊಳೆಯಬೇಕೆಂದು ಗೊತ್ತಿಲ್ಲ. ಹದಿನೈದು ವರ್ಷದಿಂದ ಗಾಜು ಹಿಡಿದಿದ್ದಾಳೆ, ಒಂದು ದಿನವೂ ತೊಳೆದಿಲ್ಲ.

ಹೇಳಿಕೊಡಬೇಡ ಅಂದರು ಇಬ್ಬರು. ಕೈ ತೋರಿಸು ಅಂದಾಗ ಇವರೂ ಅಲ್ಲೇ ನಿಂತಿದ್ದರಲ್ಲ, ಬಾಯಿ ಬಿಟ್ಟರಾ ಎಂದು ಕೇಳಿದರು. ಮೇಡಂ ತಲೆ ತಗ್ಗಿಸಿ ನಿಂತಳು, ಇಲ್ಲ ಅಂದಳು. ಗಾಜಕ್ಕನಿಗೂ ಆ ಸಿಟ್ಟು ಇತ್ತು. ಆದರೆ ಇವಳು ಕೇಳಲು ಬಂದಿದ್ದಾಳೆ. ಹನ್ನೊಂದು ವರ್ಷದಲ್ಲಿ ನಿನ್ನ ಕೆಲಸವನ್ನು ಹೇಗೆ ಮಾಡುತ್ತೀಯ ಎಂದು ಕೇಳಿದ ಮೊದಲ ವ್ಯಕ್ತಿ.

‘ಬನ್ನಿ ಮೇಡಂ, ಕೂತ್ಕೊಳ್ಳಿ’ ಎಂದು ಸರಿದು ಜಾಗ ಕೊಟ್ಟಳು.

ಟೀ ಕುಡಿದ ಗಾಜಿನ ಲೋಟ ಅಲ್ಲೇ ಇತ್ತು. ಅಂಗಳದ ನಲ್ಲಿಯ ಕೆಳಗೆ ಅದನ್ನೇ ತೊಳೆದು ತೋರಿಸಿದಳು. ಬ್ರಷ್ಷು ತಿರುಗುವುದು ಮಣಿಕಟ್ಟಿನಿಂದ, ಮೊಳಕೈಯಿಂದಲ್ಲ. ನೀರನ್ನು ತುಂಬಿಸಿ ಚೆಲ್ಲುವುದಲ್ಲ, ಅರ್ಧ ಹಾಕಿ ಸುತ್ತಲೂ ಆಡಿಸಿ ಚೆಲ್ಲಬೇಕು. ಬೆಳಕಿಗೆ ಹಿಡಿದು ನೀರು ಹಾಳೆಯ ಹಾಗೆ ಇಳಿಯುವುದನ್ನು ತೋರಿಸಿದಳು. ಮೇಡಂ ಮೂರು ಸಲ ಮಾಡಿದಳು. ಎರಡು ಸಲ ಹನಿ ನಿಂತಿತು. ಮೂರನೆಯ ಸಲ ಹಾಳೆ ಇಳಿಯಿತು. ಕನ್ನಡಕ ಮೇಲೇರಿಸಿ ಮಗುವಿನ ಹಾಗೆ ನೋಡಿದಳು.

ಅಷ್ಟರಲ್ಲಿ ಗಾಜಕ್ಕನ ಗಂಡ ಪಾಳಿ ಮುಗಿಸಿ ಬಂದ. ಜೇಬಿನಿಂದ ಒಂದು ಮುದುಡಿದ ಕಾಗದ ತೆಗೆದ. ಡ್ರಮ್ಮಿನ ಮೇಲಿನ ಹೊಸ ಲೇಬಲ್ಲನ್ನು ಬಿಸಿ ನೀರು ಹಾಕಿ ಕಿತ್ತು, ಕೆಳಗಿನ ಹಳೆಯದನ್ನು ಹುಷಾರಾಗಿ ಬಿಡಿಸಿಕೊಂಡು ಬಂದಿದ್ದ. ಮೇಡಂ ಅದನ್ನು ಓದಿದಳು. ಅವಳ ಮುಖದ ಬಣ್ಣ ಇಳಿಯಿತು. ಯಾವುದೋ ಬಣ್ಣದ ಕಾರ್ಖಾನೆಯಲ್ಲಿ ಬಳಸಿದ ದ್ರಾವಕ ಅದು. ಅಲ್ಲಿನ ಒಂದು ರಾಸಾಯನಿಕ ಇದರಲ್ಲಿ ಉಳಿದುಕೊಂಡಿದ್ದರೆ, ಪುಡಿಯ ಜೊತೆ ಮಾತ್ರೆಯವರೆಗೂ ಬಂದೇ ಬರುತ್ತದೆ. ಆ ದ್ರಾವಕದ ಒಂದು ಬಾಟಲಿ ಬೇಕು ಅಂದಳು. ಗಂಡ ಅದನ್ನೂ ತಂದಿದ್ದ. ಊಟದ ಚೀಲದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ. ಚಪಾತಿ ಡಬ್ಬಿಗೂ ವಾಸನೆ ಹತ್ತಿದೆ ಎಂದು ಬೈದುಕೊಂಡ.

ಬುಧವಾರ ಬೆಳಗ್ಗೆ ಆರಕ್ಕೇ ಮೇಡಂ ಲ್ಯಾಬಿನಲ್ಲಿದ್ದಳು. ಆಸಿಡ್ಡಿನ ತೊಟ್ಟಿಗೆ ಕೈ ಹಾಕಲು ಕೈಗವಸು ಹುಡುಕಿದಳು. ಬೀರುವಿಗೆ ಬೀಗ, ಕೀಲಿ ಸಾಹೇಬನ ಹತ್ತಿರ. ಬರಿಗೈಯಲ್ಲೇ ತೊಳೆದಳು. ಇಪ್ಪತ್ತು ಫ್ಲಾಸ್ಕು. ಮೊದಲು ಮಾತ್ರೆ ಹಾಕದೆ, ಬರೀ ತೊಳೆದ ಗಾಜಿನ ನೀರನ್ನು ಯಂತ್ರಕ್ಕೆ ಕೊಟ್ಟಳು. ಗೆರೆ ನೆಟ್ಟಗೆ ಮಲಗಿತ್ತು, ಮೂರರಲ್ಲೂ ಇಲ್ಲ, ಹದಿನಾಲ್ಕರಲ್ಲೂ ಇಲ್ಲ. ಆಮೇಲೆ ಅದೇ ಗಾಜಿನಲ್ಲಿ ಮಾತ್ರೆ ಕರಗಿಸಿದಳು. ಒಂಬತ್ತಕ್ಕೆ ಮದ್ದು, ಹದಿನಾಲ್ಕಕ್ಕೆ ಅವನು. ಕೊನೆಗೆ ಡ್ರಮ್ಮಿನ ದ್ರಾವಕ. ಹದಿನಾಲ್ಕನೇ ನಿಮಿಷದಲ್ಲಿ ಗೆರೆ ಕಾಗದದ ಮೇಲಂಚಿಗೆ ಹೋಗಿ ಬಡಿಯಿತು.

ಹಳೆಯ ಕಡತಗಳನ್ನೂ ತೆಗೆದು ನೋಡಿದಳು. ಹಿಂದಿನ ಎರಡು ಬ್ಯಾಚುಗಳಲ್ಲೂ ಅವನು ಇದ್ದ, ಸ್ವಲ್ಪ ಗಿಡ್ಡಗೆ. ಪಕ್ಕದಲ್ಲಿ ‘ಯಂತ್ರದಲ್ಲಿ ಗಾಳಿ ಗುಳ್ಳೆ’ ಎಂದು ಬರೆದು ಸಾಹೇಬ ಸಹಿ ಹಾಕಿದ್ದ.

ಒಂಬತ್ತಕ್ಕೆ ಸಾಹೇಬ ಬಂದ. ಮೂರು ಕಾಗದ ನೋಡಿದ. ಬಾಗಿಲು ಹಾಕಿಸಿ, ಇದನ್ನು ಯಂತ್ರದಿಂದ ಅಳಿಸು ಎಂದು ಮೇಡಂಗೆ ಹೇಳಿದ. ಪ್ರಯೋಗದ ತಪ್ಪು ಎಂದು ಬರೆ ಅಂದ. ಅಲ್ಲಿದ್ದ ಕೆಮಿಸ್ಟರೇ ಮುಂದೆ ಇದನ್ನು ಎಲ್ಲರಿಗೂ ಹೇಳಿದ್ದು. ಮೇಡಂ ಎದ್ದು ನಿಂತಳಂತೆ. ಮೊದಲ ಮಾತು ಯಾರಿಗೂ ಕೇಳಿಸಲಿಲ್ಲವಂತೆ. ಮತ್ತೆ ಹೇಳಿದಳಂತೆ.

‘ಅಳಿಸಲ್ಲ ಸರ್. ಈ ಸಲ ನಾನು ತೊಳೆದಿದ್ದೀನಿ. ನನ್ನ ಕೈ ನೋಡಿ.’

ಎರಡೂ ಕೈ ಅವನ ಮುಂದೆ ಚಾಚಿದಳು. ಒಂದೇ ಬೆಳಗಿಗೆ ಬೆರಳುಗಳು ಕೆಂಪಗೆ ಸುಲಿದಿದ್ದವು. ಸಾಹೇಬ ಪೆನ್ನು ತೆಗೆಯಲಿಲ್ಲ. ಅವಳು ಆಗಲೇ ಕೇಂದ್ರ ಕಚೇರಿಯ ತಪಾಸಣೆಯವರಿಗೆ ಎಲ್ಲ ಕಾಗದಗಳನ್ನೂ ಕಳಿಸಿಯಾಗಿತ್ತು. ಅದನ್ನು ಹೇಳಿ ಕೂತುಕೊಂಡಳಂತೆ. ಕೂತಲ್ಲಿಂದಲೇ ತಣ್ಣೀರಿನ ಯಂತ್ರದ ಮೇಲಿನ ಫಲಕ ಕಿತ್ತುಹಾಕಿ ಎಂದು ಯಾರಿಗೋ ಹೇಳಿದಳಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ತಪಾಸಣೆಯವರು ಇಬ್ಬರು ಬಂದರು. ಗಾಡಿಯನ್ನು ಗೇಟಿನಿಂದ ವಾಪಸು ಕಳಿಸಿದರು. ಪೇಟೆಗೆ ಹೋಗಿದ್ದ ಎರಡು ಬ್ಯಾಚುಗಳನ್ನು ಹಿಂದಕ್ಕೆ ಕರೆಸಿದರು. ಹದಿನಾಲ್ಕನೇ ನಿಮಿಷದವನನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿ ಅವನ ಗುರುತು ಹಿಡಿಸಿದರು. ಬಣ್ಣದ ಕಾರ್ಖಾನೆಯವನೇ. ಮೈಯೊಳಗಿನ ಜೀವಕಣಗಳಿಗೆ ಕೈ ಹಾಕುವ ಜಾತಿಯವನು. ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ದಿನಾ ಒಳಗೆ ಹೋದರೆ ಕ್ಯಾನ್ಸರಿನ ಅಪಾಯ ಹೆಚ್ಚು.

ಅತ್ತೆಗೆ ಇದನ್ನು ವಿವರಿಸಲು ಮೇಡಂ ಮನೆಗೇ ಬಂದಳು. ಎಷ್ಟಿತ್ತು ಎಂದು ಅತ್ತೆ ಪಟ್ಟು ಹಿಡಿದು ಕೇಳಿದಳು. ಮೇಡಂ ಅಡುಗೆಮನೆಯಿಂದ ಒಂದು ಸಾಸಿವೆಕಾಳು ಕೇಳಿದಳು. ಇದನ್ನು ಐವತ್ತು ಚೂರು ಮಾಡಿದರೆ ಒಂದು ಚೂರಿನಷ್ಟು ನಿಮ್ಮ ಒಂದು ಮಾತ್ರೆಯಲ್ಲಿತ್ತು. ಸಾವಿರ ಚೂರು ಮಾಡಿ ಒಂದು ಚೂರಿಗಿಂತಲೂ ಕಡಿಮೆ ಇದ್ದರೆ ಮಾತ್ರ ಇಂಥದ್ದನ್ನು ಬಿಡುತ್ತಾರೆ, ಜೀವನಪೂರ್ತಿ ತಿನ್ನುವ ಮಾತ್ರೆಯಾದ್ದರಿಂದ ಲೆಕ್ಕ ಅಷ್ಟು ಬಿಗಿ ಅಂದಳು. ನೀವು ತಿಂದದ್ದು ಎರಡು ತಿಂಗಳು, ಅಷ್ಟಕ್ಕೆ ಹೆದರಬೇಕಾಗಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ಅದು ಇದಕ್ಕಿಂತ ಕೆಟ್ಟದ್ದು ಎಂದು ಬೇರೆ ಕಂಪನಿಯ ಸ್ಟ್ರಿಪ್ಪು ಕೊಟ್ಟಳು. ಅತ್ತೆ ಸಾಸಿವೆಕಾಳನ್ನು ಬೆರಳಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಇಷ್ಟು ಸಣ್ಣವನಿಗೆ ಇಷ್ಟು ಜನ ಓಡಾಡಿದರಾ ಎಂದು ಕೇಳಿ, ಮೇಡಂಗೆ ಇನ್ನೊಂದು ಲೋಟ ಟೀ ಕೊಟ್ಟಳು.

ಆರು ಜನ ಕೆಲಸಕ್ಕೆ ವಾಪಸು ಬಂದರು. ಸುಮ್ಮನೆ ಬರಲಿಲ್ಲ. ಕೈಗವಸಿನ ಬೀರುವಿನ ಕೀಲಿ ತೊಳೆಯುವ ಕೋಣೆಯಲ್ಲೇ ಇರಬೇಕು ಅಂದರು. ಬಿಸಿ ನೀರು ಬೇಕು, ಕೂರಲು ಸ್ಟೂಲು ಬೇಕು ಅಂದರು. ಗಾಜಿನ ಮೇಲೆ ತಪ್ಪು ಹೊರಿಸುವ ಮೊದಲು ತೊಳೆದ ನೀರನ್ನು ಯಂತ್ರಕ್ಕೆ ಹಾಕಿ ನೋಡಬೇಕು ಎಂದು ನಿಯಮ ಬರೆಯಿರಿ ಅಂದರು. ಡ್ರಮ್ಮಿನ ಅಂಗಳದವರಿಗೂ ಕೈಗವಸು ಅಂದಳು ಗಾಜಕ್ಕ. ಸ್ಟೂಲು ಬರಲು ಮೂರು ತಿಂಗಳು ಹಿಡಿಯಿತು. ಸಿಬ್ಬಂದಿಯ ಪಟ್ಟಿಗೆ ಸೇರಿಸುವ ಮಾತು ಇನ್ನೂ ಮಾತಾಗಿಯೇ ಇದೆ. ಉಳಿದದ್ದು ಆ ವಾರವೇ ಆಯಿತು. ಸಹಿ ಸಾಹೇಬನ ಸಹಿಯ ಅಧಿಕಾರ ತೆಗೆದರು, ಕೆಲಸದಿಂದ ತೆಗೆಯಲಿಲ್ಲ. ಅವನಿಗೆ ಮೇಲಿನವರು ಇದ್ದರು.

ಮಾತ್ರೆಗಳನ್ನು ನಾಶ ಮಾಡುವ ಕೆಲಸ ಉಳಿಯಿತು. ತಗಡಿನ ಸಮೇತ ಸುಡುವಂತಿಲ್ಲ. ಸ್ಟ್ರಿಪ್ಪಿನಿಂದ ಒಂದೊಂದೇ ಮಾತ್ರೆಯನ್ನು ಒತ್ತಿ ತೆಗೆಯಬೇಕು, ಮಾತ್ರೆ ಒಂದು ಕಡೆ, ತಗಡು ಒಂದು ಕಡೆ. ಅದಕ್ಕೆ ಯಂತ್ರವಿರಲಿಲ್ಲ. ಗೋದಾಮಿನಲ್ಲಿ ಡಬ್ಬಗಳು ಸೂರಿನವರೆಗೆ ನಿಂತಿದ್ದವು. ತೊಳೆಯುವ ಹೆಂಗಸರನ್ನು ಕರೆಯಿರಿ ಎಂದು ಮೇಲಿನಿಂದ ಅಪ್ಪಣೆ ಬಂತು.

ಗಾಜಕ್ಕ ಗೋದಾಮಿಗೆ ಹೋಗಿ ಡಬ್ಬಗಳನ್ನು ಮೇಲಿಂದ ಕೆಳಗೆ ನೋಡಿದಳು. ಬರುತ್ತೇವೆ ಅಂದಳು. ಆದರೆ ಈ ಮಾತ್ರೆಗೆ ಯಾರ್ಯಾರ ಸಹಿ ಬಿದ್ದಿದೆಯೋ ಅವರೆಲ್ಲ ಬಂದು ಕೂರಬೇಕು, ಅವರು ಬರುವವರೆಗೆ ನಾವು ಒಂದು ಡಬ್ಬವನ್ನೂ ಬಿಚ್ಚುವುದಿಲ್ಲ ಅಂದಳು. ತಪಾಸಣೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ದೊಡ್ಡವನು ತನ್ನ ಕೋಟು ಬಿಚ್ಚಿ ತಾನೇ ಮೊದಲು ಕೂತ.

ನೆಲದ ಮೇಲೆ ಹಾಳೆ ಹಾಸಿದರು. ಎಲ್ಲರಿಗೂ ಕೈಗವಸು, ಮೂಗಿಗೆ ಬಟ್ಟೆ. ಆರು ಜನ ಹೆಂಗಸರು, ಹನ್ನೆರಡು ಕೆಮಿಸ್ಟರು, ಡ್ರಮ್ಮಿನ ಅಂಗಳದವರು, ಮೆಷಿನ್ ಮೇಡಂ, ಕೊನೆಗೆ ಸಹಿ ಸಾಹೇಬ. ಅವನು ಎಲ್ಲಿ ಕೂರುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತ. ಖಾಲಿ ಇದ್ದದ್ದು ಗಾಜಕ್ಕನ ಪಕ್ಕದಲ್ಲೇ. ಗೋದಾಮಿನ ತುಂಬ ಟಪ್ ಟಪ್ ಸದ್ದು ಶುರುವಾಯಿತು. ತಗಡಿನ ಚಾವಣಿಯ ಕೆಳಗೆ ಅದು ನೂರಾಗಿ ಕೇಳುತ್ತಿತ್ತು. ಕುಳ್ಳಿ ಮತ್ತು ಗಾಜಕ್ಕನ ಗಂಡ ಯಾರು ಮೊದಲು ಬುಟ್ಟಿ ತುಂಬಿಸುತ್ತಾರೆಂದು ಪಂದ್ಯ ಕಟ್ಟಿದರು. ಕೆಮಿಸ್ಟರು ಎರಡು ಪಕ್ಷವಾದರು.

ಅರ್ಧ ಗಂಟೆಗೆ ಸಹಿ ಸಾಹೇಬನ ಹೆಬ್ಬೆರಳು ಬಾತುಕೊಂಡಿತು. ಅವನು ಅದನ್ನು ಬಾಯಿಂದ ಊದಿಕೊಂಡ. ಗಾಜಕ್ಕ ಓರೆಗಣ್ಣಿನಿಂದ ನೋಡಿದಳು. ನೋಡಿ ಸುಮ್ಮನಿರಬೇಕೆಂದುಕೊಂಡಳು. ಆಮೇಲೆ ಅವನ ಕೈಯಿಂದ ಸ್ಟ್ರಿಪ್ಪು ತೆಗೆದುಕೊಂಡಳು.

‘ಉಗುರಲ್ಲಿ ಒತ್ತಬಾರದು ಸಾಹೇಬ್ರೆ. ಬೆರಳು ಮಡಚಿ, ಗೆಣ್ಣಲ್ಲಿ ಒತ್ತಿ. ಹೀಗೆ.’

ಅವನು ಹಾಗೆ ಮಾಡಿದ.

ಟಪ್ ಎಂದು ಒಂದು ಬಿತ್ತು. ಇನ್ನೊಂದು ಬಿತ್ತು. ಅವನು ತಲೆಯೆತ್ತಿ ಸೂರಿನವರೆಗೆ ನಿಂತ ಡಬ್ಬಗಳನ್ನು ನೋಡಿದ.

‘ಇನ್ನೂ ಎಷ್ಟಿದೆ ಗಾಜಕ್ಕ?’

‘ಇದು ಮೊದಲನೇ ಡಬ್ಬ’ ಅಂದಳು ಗಾಜಕ್ಕ. ‘ಆರಾಮಾಗಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳಿ.’